ನುಚ್ಚಕ್ಕಿ ಪುಡಿ ಮಾಡಿದರೆ ಫೇಸ್ ಪೌಡರ್ ಆಗುತ್ತಾ?

ಗುಬ್ಬಿಗೇಟ್ ಸೊಸೆ (ತುಮಕೂರು)

ನಮ್ಮ ಮಾವನವರದು ಊರ ಅಂಚಿನಲ್ಲಿ ಒಂದು ಸಣ್ಣ ರೈಸ್ ಮಿಲ್ಲು. ನುಚ್ಚು ರಾಶಿ ಬೀಳುತ್ತದೆ. ದಪ್ಪ ನುಚ್ಚನ್ನು ಇಡ್ಲಿ ರವೆ ಮಾಡುವವರು ತಗೊಂಡು ಹೋಗುತ್ತಾರೆ. ಸಣ್ಣದು ಕೋಳಿ ಫೀಡಿಗೆ ಹೋಗುತ್ತದೆ. ಅದಕ್ಕೆ ಸಿಗುವ ರೇಟು ಹೇಳಿಕೊಳ್ಳುವ ಹಾಗಿಲ್ಲ.

ನಮ್ಮ ನಾದಿನಿ ಬೆಂಗಳೂರಿನಿಂದ ಒಂದು ಫೇಸ್ ಪೌಡರ್ ತಂದಿದ್ದಾಳೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಡಬ್ಬಿ. ಹಿಂದೆ ಬರೆದಿರುವ ಪಟ್ಟಿಯಲ್ಲಿ ಮೊದಲನೇ ಹೆಸರೇ 'ಒರೈಜಾ ಸಟೈವಾ ಸ್ಟಾರ್ಚ್'. ಹುಡುಕಿ ನೋಡಿದರೆ ಅದು ಅಕ್ಕಿ! ಆ ಡಬ್ಬಿಯ ದುಡ್ಡಿಗೆ ನಮ್ಮಲ್ಲಿ ಅರ್ಧ ಮೂಟೆ ನುಚ್ಚು ಬರುತ್ತದೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೆಲಸ ಮಾಡುವ ಕೈಗಳಿವೆ. ಪಲ್ವರೈಸರ್ ಇದೆ. ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗುಲಾಬಿ ವಾಸನೆ ಸೇರಿಸಿ ಮಾರಿದರೆ ಆಗಲ್ವಾ? ಗೊತ್ತಿರುವವರು ಹೇಳಿ. ಸುಮ್ನೆ ಹೆದರಿಸಬೇಡಿ, ಸುಮ್ನೆ ಹುರಿದುಂಬಿಸಲೂ ಬೇಡಿ.

ಕುಣಿಗಲ್ ಕುದುರೆ

ಧಾರಾಳವಾಗಿ ಆಗುತ್ತೆ ಅಕ್ಕಾ. ನಮ್ಮಜ್ಜಿ ಅಕ್ಕಿಹಿಟ್ಟಿಗೆ ಮೊಸರು ಕಲಸಿ ಮುಖಕ್ಕೆ ಹಚ್ಚುತ್ತಿದ್ದರು. ಯಾವ ಕಂಪನಿಯನ್ನು ಕೇಳಿದ್ದರು ಅವರು?

ಬಿಳಿ ಕೋಟು (ತುಮಕೂರು)

ನಾನು ಒಂದು ಕಾಸ್ಮೆಟಿಕ್ಸ್ ಯೂನಿಟ್ಟಿನಲ್ಲಿ ಫಾರ್ಮುಲೇಷನ್ ಕೆಲಸ ಮಾಡುತ್ತೇನೆ. ಕಂಪನಿ ಹೆಸರು ಬೇಡ.

ಅಜ್ಜಿ ಹಚ್ಚಿಕೊಂಡು ಹತ್ತು ನಿಮಿಷಕ್ಕೆ ತೊಳೆದುಕೊಂಡರು. ಪೌಡರ್ ಬೆಳಗ್ಗೆಯಿಂದ ಸಂಜೆವರೆಗೆ ಮುಖದ ಮೇಲೇ ಇರುತ್ತದೆ. ಅಲ್ಲಿಗೇ ಲೆಕ್ಕ ಬದಲಾಗುತ್ತದೆ.

ಆ ಡಬ್ಬಿಯಲ್ಲಿ ಇರುವುದು ಅಕ್ಕಿಹಿಟ್ಟಲ್ಲ ಅಕ್ಕಾ. ಅದು ಅಕ್ಕಿಯಿಂದ ಪ್ರೊಟೀನು, ಎಣ್ಣೆ, ನಾರು ಎಲ್ಲ ತೊಳೆದು ತೆಗೆದ ಮೇಲೆ ಉಳಿಯುವ ಪಿಷ್ಟ, ಅಂದರೆ ಸ್ಟಾರ್ಚ್. ಅಕ್ಕಿಯಲ್ಲಿ ನೂರಕ್ಕೆ ಏಳರ ಆಸುಪಾಸು ಪ್ರೊಟೀನ್ ಇರುತ್ತದೆ. ಒಳ್ಳೇ ಗ್ರೇಡಿನ ಪಿಷ್ಟದಲ್ಲಿ ಅದು ಒಂದಕ್ಕಿಂತ ಕಡಿಮೆ.

ಈ ಪಿಷ್ಟ ಇರುವುದು ಸಣ್ಣ ಸಣ್ಣ ಕಣಗಳಾಗಿ. ಅಕ್ಕಿಯದು ಒಂದೊಂದು ಕಣ 2ರಿಂದ 8 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಕೂದಲೇ 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಮುಸುಕಿನ ಜೋಳದ ಪಿಷ್ಟದ ಕಣ ಸರಾಸರಿ 15ರ ಹತ್ತಿರ. ಆಲೂಗಡ್ಡೆಯದು 100ರವರೆಗೂ ಹೋಗುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಪಿಷ್ಟಗಳಲ್ಲಿ ಅಕ್ಕಿಯದೇ ಸಣ್ಣದು. ಸಣ್ಣ ಕಣ ಅಂದರೆ ಅಷ್ಟೇ ತೂಕಕ್ಕೆ ಮೇಲ್ಮೈ ಜಾಸ್ತಿ. ಮುಖದ ಜಿಡ್ಡು, ಬೆವರು ಎರಡನ್ನೂ ಎಳೆದುಕೊಳ್ಳುತ್ತದೆ. ಬೆಳಕನ್ನು ಚದುರಿಸುವುದರಿಂದ ಹಣೆ, ಮೂಗು ಮಿರಮಿರ ಅನ್ನುವುದು ಕಡಿಮೆಯಾಗುತ್ತದೆ. ಕಂಪನಿಗಳು ದುಡ್ಡು ಕೊಡುವುದು ಇದಕ್ಕೆ.

ನಿಮ್ಮ ಪಲ್ವರೈಸರ್ ಈ ಕಣಗಳನ್ನು ಬಿಡಿಸುವುದಿಲ್ಲ. ಅಕ್ಕಿಕಾಳಿನ ಒಳಗೆ ಅವು ಗುಂಪು ಗುಂಪಾಗಿ ಪ್ರೊಟೀನಿನಲ್ಲಿ ಹುದುಗಿರುತ್ತವೆ. ಬೀಸಿದಾಗ ಸಿಗುವುದು ಆ ಗುಂಪಿನ ಚೂರುಗಳು. ಬೆರಳಿಗೆ ನುಣ್ಣಗೆ ಅನ್ನಿಸಿದರೂ ಕೆನ್ನೆಗೆ ತರಿತರಿ. ಜತೆಗೆ ಎಣ್ಣೆ ಅಂಶ ಉಳಿದಿರುವುದರಿಂದ ದಿನ ಕಳೆದ ಹಾಗೆ ಕಮಟು ವಾಸನೆ ಬರುತ್ತದೆ. ಗುಲಾಬಿ ಅದನ್ನು ಮುಚ್ಚಲ್ಲ.

ಶಿರಾ ಸೀಮೆಯವಳು

ಹಾಗಾದರೆ ಹಾಲುಬಾಯಿಗೆ ಹಾಲು ತೆಗೆಯುವ ಹಾಗೆ ಮಾಡಿದರೆ? ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ಹಾಲನ್ನು ನಿಲ್ಲಿಸಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ನೀರು ಬಸಿದು ಗಸಿ ಒಣಗಿಸಿದರೆ ಅದೇ ಪಿಷ್ಟ ತಾನೇ? ರಾಗಿಯಲ್ಲಿ ನಾವು ತಲೆತಲಾಂತರದಿಂದ ಮಾಡುತ್ತಿಲ್ಲವಾ?

ಬಿಳಿ ಕೋಟು

ಒಳ್ಳೇ ಪ್ರಶ್ನೆ. ದಾರಿ ಅದೇ. ಆದರೆ ಅಕ್ಕಿಯ ವಿಷಯದಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಒಂದು, ಅಕ್ಕಿಯ ಪ್ರೊಟೀನಿನಲ್ಲಿ ಹೆಚ್ಚಿನದು ಗ್ಲುಟೆಲಿನ್ ಅನ್ನುವ ಜಾತಿ. ಅದು ಬರೀ ನೀರಿನಲ್ಲಿ ಕರಗುವುದಿಲ್ಲ. ಎಷ್ಟು ಸಲ ತೊಳೆದರೂ ಕಣಗಳಿಗೆ ಅಂಟಿಕೊಂಡೇ ಇರುತ್ತದೆ. ಕ್ಷಾರದಲ್ಲಿ ಕರಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ನುಚ್ಚನ್ನು ತುಂಬಾ ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುತ್ತಾರೆ. ನೂರಕ್ಕೆ ಅರ್ಧ ಭಾಗದಷ್ಟು, ಕೆಲವು ಸಲ ಅದಕ್ಕಿಂತಲೂ ಕಡಿಮೆ. ಆಮೇಲೆ ಆ ನೀರಲ್ಲೇ ಅರೆದು, ಗಿರ್ರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬೇರೆ ಮಾಡಿ, ಮತ್ತೆ ಮತ್ತೆ ತೊಳೆದು, ಕ್ಷಾರವನ್ನು ಆಮ್ಲದಿಂದ ತಟಸ್ಥ ಮಾಡಿ, ಕಡಿಮೆ ಬಿಸಿಯಲ್ಲಿ ಒಣಗಿಸುತ್ತಾರೆ.

ಎರಡನೆಯದು ಇನ್ನೂ ಮಜವಾಗಿದೆ. ಕಣ ಸಣ್ಣದಿರುವುದೇ ಅಕ್ಕಿ ಪಿಷ್ಟದ ಗುಣ, ಅದೇ ಅದರ ಕಾಟ. ನೀರಿನಲ್ಲಿ ಕಣ ಇಳಿಯುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. 15 ಮೈಕ್ರಾನಿನ ಜೋಳದ ಕಣಕ್ಕಿಂತ 5 ಮೈಕ್ರಾನಿನ ಅಕ್ಕಿ ಕಣ ಒಂಬತ್ತು ಪಟ್ಟು ನಿಧಾನ. ಲೆಕ್ಕ ಹಾಕಿದರೆ ಅಲುಗಾಡದ ನೀರಿನಲ್ಲಿ ಗಂಟೆಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಯುತ್ತದೆ. 3 ಮೈಕ್ರಾನಿನದು ಒಂದೇ ಸೆಂಟಿಮೀಟರು. ಒಂದು ಗೇಣು ಆಳದ ಪಾತ್ರೆಯಲ್ಲಿ ಸಣ್ಣ ಕಣ ಪೂರ್ತಿ ಕೂರಲು ಒಂದು ಹಗಲು ರಾತ್ರಿ ಬೇಕು. ತುಮಕೂರಿನ ಏಪ್ರಿಲ್ ಸೆಕೆಯಲ್ಲಿ ಅಷ್ಟು ಹೊತ್ತಿಗೆ ನೀರು ಹುಳಿ ಬಂದಿರುತ್ತದೆ. ಕೂರದ ಕಣಗಳನ್ನು ನೀವು ಮೇಲಿನ ನೀರಿನ ಜತೆ ಚೆಲ್ಲಿಬಿಡುತ್ತೀರಿ. ಅಂದರೆ ಪೌಡರಿಗೆ ಬೇಕಾದ ಅತಿ ಸಣ್ಣ ಕಣಗಳೇ ಮೋರಿಗೆ ಹೋಗುತ್ತವೆ.

ಹಾಲುಬಾಯಿಗೆ ಇದು ಯಾವುದೂ ತೊಂದರೆ ಅಲ್ಲ. ಅಲ್ಲಿ ಪ್ರೊಟೀನ್ ಇದ್ದರೆ ಒಳ್ಳೆಯದೇ, ಬೆಲ್ಲ ಹಾಕಿ ಕಾಯಿಸಿ ತಿನ್ನುತ್ತೀರಿ.

ಇನ್ನೊಂದು ಕೇಳುತ್ತೇನೆ ಸೊಸೆಯವರೇ. ನಿಮ್ಮ ಮಿಲ್ಲಿನಲ್ಲಿ ಓಡುವುದು ರಾ ಅಕ್ಕಿಯಾ (ಭತ್ತ ಬೇಯಿಸದೆ ಮಾಡಿದ್ದು), ಸ್ಟೀಮಾ, ಬಾಯಿಲ್ಡಾ?

ಗುಬ್ಬಿಗೇಟ್ ಸೊಸೆ

ಹೆಚ್ಚು ಸ್ಟೀಮ್. ಇಡ್ಲಿ ಅಕ್ಕಿ ಆರ್ಡರ್ ಬಂದಾಗ ಬಾಯಿಲ್ಡ್. ರಾ ಅಕ್ಕಿ ಕಡಿಮೆ. ಯಾಕೆ ಕೇಳಿದಿರಿ?

ಬಿಳಿ ಕೋಟು

ಬಾಯಿಲ್ಡ್ ನುಚ್ಚು ಈ ಕೆಲಸಕ್ಕೆ ಬರುವುದೇ ಇಲ್ಲ. ಅಕ್ಕಿ ಪಿಷ್ಟ ನೀರಿನ ಜತೆ ಸುಮಾರು 65ರಿಂದ 80 ಡಿಗ್ರಿ ಬಿಸಿಯಾದರೆ ಕಣ ಊದಿ ಒಡೆದು ಅಂಟಾಗುತ್ತದೆ. ಭತ್ತ ನೆನೆಸಿ ಬೇಯಿಸಿದಾಗಲೇ ಕಾಳಿನೊಳಗೆ ಅದು ಆಗಿಹೋಗಿರುತ್ತದೆ. ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ, ಬಿಡಿ ಕಣ ಉಳಿದಿರುವುದಿಲ್ಲ. ಸ್ಟೀಮ್ ಅಕ್ಕಿಯಲ್ಲಿ ಆವಿ ಹೊಡೆಯುವುದು ಸ್ವಲ್ಪ ಹೊತ್ತು, ಹಾನಿ ಅಷ್ಟೇ ಕಡಿಮೆ. ಆದರೂ ಪಿಷ್ಟದವರು ಕೇಳುವುದು ರಾ ನುಚ್ಚನ್ನೇ.

ಕುಣಿಗಲ್ ಕುದುರೆ

ಅಬ್ಬಾ, ಅಜ್ಜಿ ವಿಷಯ ಬಿಟ್ಟುಬಿಡುತ್ತೇನೆ 😄

ಅಂತರಗಂಗೆ (ಕೋಲಾರ)

ತೊಳೆಯಬೇಕು, ಮತ್ತೆ ತೊಳೆಯಬೇಕು ಅಂತೀರಲ್ಲ, ನೀರೆಲ್ಲಿದೆ ಸ್ವಾಮಿ? ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿಯಿಂದ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂತರ್ಜಲ ಏರಲಿ ಅಂತ ಬಿಡುವ ನೀರು ಅದು, ಮುಖಕ್ಕೆ ಹಚ್ಚುವ ಪುಡಿ ತೊಳೆಯುವುದಕ್ಕಲ್ಲ. ಬೋರ್ ನೀರು ಗಡಸು. ಅದರಲ್ಲಿ ತೊಳೆದರೆ ಉಪ್ಪಿನಂಶ ಪುಡಿಯಲ್ಲೇ ಉಳಿಯುತ್ತದೆ. ತೊಳೆದ ಕ್ಷಾರದ ನೀರನ್ನು ಎಲ್ಲಿ ಬಿಡುತ್ತೀರಿ? ಅದನ್ನು ಶುದ್ಧ ಮಾಡದೆ ಹೊಲಕ್ಕೆ ಬಿಟ್ಟರೆ ಅಕ್ಕಪಕ್ಕದವರು ಸುಮ್ಮನಿರುತ್ತಾರಾ? ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇರೆ ಬೇಕು.

ಕೂಸಿನ ತಾಯಿ (ಬಂಗಾರಪೇಟೆ)

ನಡುವೆ ಬರುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಮಗುವಿಗೆ ಈಗ ಐದು ತಿಂಗಳು. ಟಾಲ್ಕ್ ಪೌಡರ್ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಅದರ ಬದಲು ಅಕ್ಕಿ ಪಿಷ್ಟದ ಪೌಡರ್ ಹಾಕಬಹುದಾ? ಒಂದು 'ನ್ಯಾಚುರಲ್' ಬ್ರಾಂಡಿನದು ತರಿಸಿದ್ದೆ. ತೊಡೆ ಸಂದಿಯಲ್ಲಿ ಮುದ್ದೆ ಮುದ್ದೆಯಾಗಿ ಕೂತು ಇನ್ನೂ ಕೆಂಪಾಯಿತು.

ಬಿಳಿ ಕೋಟು

ಟಾಲ್ಕಿನ ಕಥೆ ಮೊದಲು. ಟಾಲ್ಕ್ ನೆಲದಿಂದ ತೆಗೆಯುವ ಖನಿಜ. ಅದರ ಪಕ್ಕದಲ್ಲೇ ಆಸ್ಬೆಸ್ಟಾಸ್ ಸಿಗುವುದುಂಟು, ಬೆರಕೆಯಾದರೆ ಅಪಾಯ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2020ರಲ್ಲಿ ಅಮೆರಿಕ, ಕೆನಡಾದಲ್ಲಿ ಟಾಲ್ಕ್ ಬೇಬಿ ಪೌಡರ್ ಮಾರಾಟ ನಿಲ್ಲಿಸಿತು. 2023ರಲ್ಲಿ ಜಗತ್ತಿನ ಎಲ್ಲ ಕಡೆ ನಿಲ್ಲಿಸಿ ಮುಸುಕಿನ ಜೋಳದ ಪಿಷ್ಟಕ್ಕೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರ ಜುಲೈನಲ್ಲಿ ಟಾಲ್ಕನ್ನು '2ಎ' ಗುಂಪಿಗೆ ಸೇರಿಸಿತು. 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನುವ ಗುಂಪು ಅದು. ಅಂದಿನಿಂದ ಪಿಷ್ಟಕ್ಕೆ ಬೇಡಿಕೆ ಜಾಸ್ತಿ.

ಹಾಗಂತ ಪಿಷ್ಟ ಹಾಕಲೇಬೇಕು ಅಂತಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಸಿಗೆ ಯಾವ ಪೌಡರೂ ಬೇಡ ಅನ್ನುತ್ತದೆ. ಚೆಲ್ಲಿದ ಪುಡಿ ಉಸಿರಿನ ಜತೆ ಒಳಗೆ ಹೋಗುತ್ತದೆ. ಟಾಲ್ಕಾದರೂ ಅಷ್ಟೇ, ಪಿಷ್ಟವಾದರೂ ಅಷ್ಟೇ. ಪಿಷ್ಟ ಸ್ವಲ್ಪ ಬೆವರನ್ನು ಹೀರಿಕೊಂಡರೆ ಆರಾಮ. ಒದ್ದೆಯ ಜಾಗದಲ್ಲಿ ಜಾಸ್ತಿ ಹಾಕಿದರೆ ನೀವು ಹೇಳಿದ ಹಾಗೆ ಮುದ್ದೆಯಾಗಿ ಉಜ್ಜುತ್ತದೆ. ಡೈಪರ್ ಜಾಗಕ್ಕೆ ಜಿಂಕ್ ಆಕ್ಸೈಡ್ ಮುಲಾಮು ಒಳ್ಳೆಯದು. ಈಗಾಗಲೇ ಕೆಂಪಾಗಿದ್ದರೆ ಡಾಕ್ಟರಿಗೆ ತೋರಿಸಿ.

ಕೂಸಿನ ತಾಯಿ

ಪಿಷ್ಟ ಹಾಕಿದರೆ ಬೂಸ್ಟು ಬೆಳೆಯುತ್ತೆ, ಅದಕ್ಕೆ ಫಂಗಸ್ ಆಗುತ್ತೆ ಅಂತ ನಮ್ಮತ್ತಿಗೆ ಹೆದರಿಸುತ್ತಿದ್ದಾರೆ.

ಬಿಳಿ ಕೋಟು

ಹಳೇ ಅನುಮಾನ ಅದು. ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಪಿಷ್ಟ ತಿಂದು ಬೆಳೆಯಬಹುದು ಅಂತ ಡಾಕ್ಟರುಗಳೇ ಹೇಳುತ್ತಿದ್ದರು. ಮನುಷ್ಯರ ಚರ್ಮದ ಮೇಲೆ ಜೋಳದ ಪಿಷ್ಟ ಹಾಕಿ ಪರೀಕ್ಷೆ ಮಾಡಿದಾಗ ಬೆಳವಣಿಗೆ ಹೆಚ್ಚಾಗಲಿಲ್ಲ. ತೊಂದರೆ ಕೊಡುವುದು ಒದ್ದೆ ಮತ್ತು ಉಜ್ಜಾಟ. ಡೈಪರ್ ಬೇಗ ಬೇಗ ಬದಲಿಸಿ. ನಿಮ್ಮತ್ತಿಗೆಗೂ ಅದನ್ನೇ ಹೇಳಿ, ಜಗಳ ಮಾತ್ರ ಬೇಡ.

ಚಿಂತಾಮಣಿ ಹಾಸ್ಟೆಲ್

ಗಂಜಿ ನೀರು ತಲೆಗೆ ಹಾಕಿದರೆ ಕೂದಲು ಉದ್ದ ಬೆಳೆಯುತ್ತೆ ಅಂತ ರೀಲ್ಸ್ ತುಂಬಾ ಬರುತ್ತಿವೆ. ನಮ್ಮ ಹಾಸ್ಟೆಲಿನಲ್ಲಿ ಅನ್ನ ಬಸಿದ ನೀರಿಗೆ ಈಗ ಕ್ಯೂ. ಅದೂ ಇದೇ ಪಿಷ್ಟ ತಾನೇ?

ಶಿರಾ ಸೀಮೆಯವಳು

ತಂಗೀ, ಹತ್ತಿ ಸೀರೆಗೆ ಗಂಜಿ ಹಾಕಿದರೆ ಸೀರೆ ಉದ್ದ ಆಗುತ್ತಾ? ಗರಿಗರಿ ಆಗುತ್ತೆ ಅಷ್ಟೇ.

ಬಿಳಿ ಕೋಟು

ಶಿರಾದವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಅನ್ನ ಬಸಿದ ನೀರಿನಲ್ಲಿ ಇರುವುದು ಬೆಂದು ಕರಗಿದ ಪಿಷ್ಟ. ಅದು ಒಣಗಿದಾಗ ಕೂದಲಿನ ಮೇಲೆ ತೆಳು ಪೊರೆ ಕಟ್ಟುತ್ತದೆ. ಕೂದಲು ದಪ್ಪ ಅನ್ನಿಸುತ್ತದೆ. ಬೇರಿಗೂ ಅದಕ್ಕೂ ಸಂಬಂಧವಿಲ್ಲ. ತೊಳೆಯದೆ ಬಿಟ್ಟರೆ ಹೊಟ್ಟಿನ ಹಾಗೆ ಉದುರುತ್ತದೆ. ಪೌಡರಿನಲ್ಲಿರುವುದು ಬೇಯದ ಕಣ, ಅದು ಎಣ್ಣೆ ಹೀರುವುದಕ್ಕೆ. ಎರಡೂ ಅಕ್ಕಿಯದೇ, ಕೆಲಸ ಮಾತ್ರ ಬೇರೆ ಬೇರೆ.

ಹಾಸ್ಟೆಲಿನವರಿಗೆ ಉಪಯೋಗ ಆಗುವುದು ಡ್ರೈ ಶಾಂಪೂ. ನೀರು ಬರದ ದಿನ ಕೂದಲ ಬುಡಕ್ಕೆ ಸ್ವಲ್ಪ ಪಿಷ್ಟದ ಪುಡಿ ಉದುರಿಸಿ, ಐದು ನಿಮಿಷ ಬಿಟ್ಟು ಬಾಚಿದರೆ ಜಿಡ್ಡು ಇಳಿಯುತ್ತದೆ. ಕೊಳೆ ಹೋಗಲ್ಲ, ತಲೆಸ್ನಾನ ತಪ್ಪಲ್ಲ. ಕಪ್ಪು ಕೂದಲಿಗೆ ಬೂದಿ ಬಣ್ಣ ಕಾಣುತ್ತದೆ, ಸರಿಯಾಗಿ ಬಾಚಬೇಕು. ಸ್ಪ್ರೇ ಡಬ್ಬಿಯದೇ ಬೇಕು ಅಂತಿಲ್ಲ. 2022ರಲ್ಲಿ ಅಮೆರಿಕದಲ್ಲಿ ಕೆಲವು ಡ್ರೈ ಶಾಂಪೂ ಸ್ಪ್ರೇಗಳನ್ನು ಬೆಂಜೀನ್ ಅನ್ನುವ ಕ್ಯಾನ್ಸರ್‌ಕಾರಕ ಇರಬಹುದು ಅಂತ ಮಾರುಕಟ್ಟೆಯಿಂದ ವಾಪಸ್ ತರಿಸಿದರು. ಅದು ಬಂದಿದ್ದು ತಳ್ಳುವ ಗ್ಯಾಸಿನಿಂದ, ಪಿಷ್ಟದಿಂದಲ್ಲ.

ಮಧುಗಿರಿ ಮೇಷ್ಟ್ರು

ಇತಿಹಾಸದ ಮೇಷ್ಟ್ರು ನಾನು, ರಿಟೈರ್ ಆಗಿದ್ದೇನೆ. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಸಹಿಸಿಕೊಳ್ಳಿ.

18ನೇ ಶತಮಾನದ ಯೂರೋಪಿನಲ್ಲಿ ದೊಡ್ಡ ಮನುಷ್ಯರು ವಿಗ್ಗಿಗೆ, ಕೂದಲಿಗೆ ಬಿಳಿ ಪುಡಿ ಹಾಕುತ್ತಿದ್ದರು. ಅದು ಪಿಷ್ಟವೇ, ಹೆಚ್ಚಾಗಿ ಗೋಧಿಯದು. 1795ರಲ್ಲಿ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್ ಆ ಪುಡಿ ಹಾಕುವವರು ವರ್ಷಕ್ಕೆ ಒಂದು ಗಿನಿ (ಆಗಿನ ಚಿನ್ನದ ನಾಣ್ಯ) ಕಟ್ಟಬೇಕು ಅಂತ ತೆರಿಗೆ ತಂದ. ಅದೇ ವರ್ಷ ಅಲ್ಲಿ ಬೆಳೆ ಕೈಕೊಟ್ಟು ಬ್ರೆಡ್ಡಿಗೂ ಹಿಟ್ಟಿಲ್ಲ ಅನ್ನುವ ಹಾಗಾಗಿತ್ತು. ಜನ ತಿನ್ನುವ ಹಿಟ್ಟನ್ನು ತಲೆಗೆ ಹಾಕುವುದು ನೋಡುವವರ ಕಣ್ಣಿಗೂ ಚುಚ್ಚಿತು. ಪುಡಿ ಹಾಕುವ ಶೋಕಿ ಬೇಗನೆ ಇಳಿಯಿತು. ಮುಖದ ಪೌಡರಿಗೆ ಮಾತ್ರ ಫ್ರೆಂಚರು ಅಕ್ಕಿಯನ್ನೇ ಹಿಡಿದುಕೊಂಡರು.

ಇನ್ನೊಂದು ತಮಾಷೆ ಕೇಳಿ. ಅಕ್ಕಿ ಪಿಷ್ಟದ ಹಳೇ ಹೆಸರುವಾಸಿ ಕಾರ್ಖಾನೆ ಇರುವುದು ಬೆಲ್ಜಿಯಂನ ಲ್ಯೂವೆನ್ ಪಕ್ಕದಲ್ಲಿ. ರೆಮಿ ಅನ್ನುವವರದು, 19ನೇ ಶತಮಾನದ್ದು. ಅಲ್ಲಿ ಒಂದು ಎಕರೆ ಭತ್ತ ಬೆಳೆಯಲ್ಲ. ಹಡಗಿನಲ್ಲಿ ಬಂದ ಅಕ್ಕಿಯಿಂದ ಪಿಷ್ಟ ತೆಗೆದು ಊರೂರಿಗೆ ಕಳಿಸಿದರು. ನಾವು ಭತ್ತ ಬೆಳೆದು ನುಚ್ಚನ್ನು ಕೋಳಿಗೆ ಹಾಕುತ್ತೇವೆ.

ಅಂತರಗಂಗೆ (ಕೋಲಾರ)

ಮೇಷ್ಟ್ರೇ, ಕೋಳಿ ತಿಂದರೆ ಮೊಟ್ಟೆಯಾದರೂ ಸಿಗುತ್ತಲ್ಲ.

ಗುಬ್ಬಿಗೇಟ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಪಿಷ್ಟ ತೆಗೆಯುವುದು ನಮ್ಮ ಕೈಲಾಗದ ಕೆಲಸ ಅಂತ ಗೊತ್ತಾಯಿತು. ಪಿಷ್ಟವನ್ನೇ ಕೊಂಡು ತಂದು, ಸಂಘದಲ್ಲಿ ಪೌಡರ್ ಕಲಸಿ ಮಾರಿದರೆ? ಸಂತೆಯಲ್ಲಿ, ಮೇಳಗಳಲ್ಲಿ 'ಹೋಂ ಮೇಡ್' ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಕಡತ ರಾಯರು (ಚಿಕ್ಕಬಳ್ಳಾಪುರ)

ಸಣ್ಣ ಉದ್ದಿಮೆಗಳಿಗೆ ಕಾಗದಪತ್ರ ಮಾಡಿಸಿಕೊಡುವುದು ನನ್ನ ಕಸುಬು. ನೇರವಾಗಿ ಹೇಳುತ್ತೇನೆ ಅಮ್ಮಾ.

ಮಾರುವ ಸಲುವಾಗಿ ಮುಖಕ್ಕೆ, ಮೈಗೆ, ತಲೆಗೆ ಹಚ್ಚುವ ಯಾವುದನ್ನು ತಯಾರಿಸಿದರೂ ಲೈಸೆನ್ಸ್ ಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ, ಅದರ ಕೆಳಗೆ 2020ರ ಕಾಸ್ಮೆಟಿಕ್ಸ್ ರೂಲ್ಸ್. 'ಹೋಂ ಮೇಡ್' ಅಂತ ಬರೆದರೆ ವಿನಾಯಿತಿ ಸಿಗಲ್ಲ, ಸಂಘದ್ದು ಅಂದರೂ ಸಿಗಲ್ಲ. ಅರ್ಜಿ 'ಕಾಸ್-5' ನಮೂನೆಯಲ್ಲಿ, ಲೈಸೆನ್ಸ್ 'ಕಾಸ್-8'ರಲ್ಲಿ. ಕೊಡುವುದು ರಾಜ್ಯದ ಔಷಧ ಲೈಸೆನ್ಸ್ ಪ್ರಾಧಿಕಾರ. ಜಾಗ, ಉಪಕರಣ, ಓದಿದ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಗೆ ವ್ಯವಸ್ಥೆ, ಎಲ್ಲ ನೋಡುತ್ತಾರೆ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಎಲ್ಲಿಯವರೆಗೆ ಬಳಸಬಹುದು, ಏನೇನು ಹಾಕಿದೆ, ಇಷ್ಟೂ ಇರಬೇಕು. ಮಕ್ಕಳ ಪೌಡರ್ ಅಂತ ಬರೆದರೆ ಅದಕ್ಕೆ ಐಎಸ್ 5339 ಅನ್ನುವ ಪ್ರತ್ಯೇಕ ಮಾನದಂಡ. ಆ ಕಡೆ ಹೋಗಲೇಬೇಡಿ.

ಆಹಾರ ಸಂಸ್ಕರಣೆಗೆ ಕೊಡುವ ಪಿಎಂಎಫ್‌ಎಂಇ ಸಬ್ಸಿಡಿ ಇದಕ್ಕೆ ಸಿಗಲ್ಲ. ಅದು ತಿನ್ನುವ ಪದಾರ್ಥಕ್ಕೆ ಮಾತ್ರ. ಇದನ್ನು ಕೇಳಿಕೊಂಡು ಸುಮ್ನೆ ಅಲೆಯುವವರು ಜಾಸ್ತಿ, ಅದಕ್ಕೇ ಹೇಳಿದೆ.

ಇನ್ನೊಂದು ದಾರಿ ಇದೆ, ಲೋನ್ ಲೈಸೆನ್ಸ್. ಲೈಸೆನ್ಸ್ ಇರುವ ಯೂನಿಟ್ಟಿನಲ್ಲಿ ಅವರ ಯಂತ್ರ ಬಳಸಿ ನಿಮ್ಮ ಹೆಸರಿನಲ್ಲಿ ಮಾಡಿಸುವುದು. ಅದಕ್ಕೆ 'ಕಾಸ್-6' ಅರ್ಜಿ. ಆದರೆ ಅವರು ಒಂದು ಸಲಕ್ಕೆ ಇಷ್ಟು ಕಿಲೋ ಮಾಡಿಸಲೇಬೇಕು ಅನ್ನುತ್ತಾರೆ. ಮಾರುವ ಶಕ್ತಿ ಇಲ್ಲದಿದ್ದರೆ ಡಬ್ಬಿಗಳು ಮನೆಯ ಅಟ್ಟದಲ್ಲಿ ಕೂರುತ್ತವೆ.

ಬಿಳಿ ಕೋಟು

ರಾಯರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಪಿಷ್ಟವೊಂದನ್ನೇ ಡಬ್ಬಿಗೆ ತುಂಬಿದರೆ ಪೌಡರ್ ಆಗಲ್ಲ. ಅದು ಚರ್ಮಕ್ಕೆ ಹಿಡಿದುಕೊಳ್ಳುವುದು ಕಡಿಮೆ, ಗಾಳಿಗೆ ಹಾರುತ್ತದೆ. ಅದಕ್ಕೆ ಮೆಗ್ನೀಷಿಯಂ ಸ್ಟಿಯರೇಟ್ ಅಥವಾ ಜಿಂಕ್ ಸ್ಟಿಯರೇಟ್ ಸ್ವಲ್ಪ ಸೇರಿಸುತ್ತಾರೆ. ನಮ್ಮ ಮೈಬಣ್ಣಕ್ಕೆ ಬರೀ ಬಿಳಿ ಪುಡಿ ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ, ಹಾಗಾಗಿ ಐರನ್ ಆಕ್ಸೈಡ್ ಬಣ್ಣ ಬೇಕು. ಬೆವರಿಗೆ ಮುದ್ದೆಯಾಗಬಾರದು ಅಂದರೆ ಮಾರ್ಪಡಿಸಿದ ಪಿಷ್ಟ ಇದೆ. ಲೇಬಲ್ಲಿನಲ್ಲಿ 'ಅಲ್ಯೂಮಿನಿಯಂ ಸ್ಟಾರ್ಚ್ ಆಕ್ಟೆನೈಲ್ ಸಕ್ಸಿನೇಟ್' ಅಂತ ಉದ್ದ ಹೆಸರು ನೋಡಿರುತ್ತೀರಿ. ಅದು ನೀರನ್ನು ದೂರ ತಳ್ಳುತ್ತದೆ, ಎಣ್ಣೆಯನ್ನು ಮಾತ್ರ ಹೀರುತ್ತದೆ. ಹೆಚ್ಚಾಗಿ ಮುಸುಕಿನ ಜೋಳದ್ದು.

ಕ್ರೀಮಿಗೂ ಪಿಷ್ಟ ಹಾಕುತ್ತಾರೆ, ಜಿಡ್ಡು ಜಿಡ್ಡು ಅನ್ನಿಸದಿರಲಿ ಅಂತ. ಕ್ರೀಮು ಆರಿ 40 ಡಿಗ್ರಿಗೆ ಇಳಿದ ಮೇಲೇ ಹಾಕಬೇಕು. ಬಿಸಿಯಲ್ಲಿ ಹಾಕಿದರೆ ಅಂಬಲಿ. ನೀರಿರುವ ಯಾವುದಕ್ಕೆ ಪಿಷ್ಟ ಬಿದ್ದರೂ ಪ್ರಿಸರ್ವೇಟಿವ್ ಬೇಕೇ ಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. 'ಕೆಮಿಕಲ್ ಇಲ್ಲದ ಅಕ್ಕಿ ಕ್ರೀಮ್' ಅಂತ ಮೇಳಗಳಲ್ಲಿ ಮಾರುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಬಿಸಿಲಿಗೆ ರಕ್ಷಣೆ ಅಂತಲೂ ಹೇಳುತ್ತಾರೆ, ಅದೂ ಸುಳ್ಳು. ಸನ್‌ಸ್ಕ್ರೀನಿನ ಕೆಲಸ ಪಿಷ್ಟ ಮಾಡಲ್ಲ.

ನನ್ನನ್ನು ಕೇಳಿದರೆ ಸಂಘ ಪೌಡರಿಗೆ ಕೈ ಹಾಕುವುದು ಬೇಡ. ಮಿಲ್ಲಿನ ಕಡೆಯಿಂದ ಯೋಚನೆ ಮಾಡಿ. ರಾ ಅಕ್ಕಿ ಓಡಿಸಿದಾಗ ಅದರ ನುಚ್ಚನ್ನು ಸ್ಟೀಮಿನದರ ಜತೆ ಬೆರೆಸದೆ ಬೇರೆ ಇಡಿ. ಪಿಷ್ಟ ತೆಗೆಯುವವರು, ಅಕ್ಕಿಹಿಟ್ಟಿನ ದೊಡ್ಡ ಯೂನಿಟ್ಟಿನವರು ಅಂಥ ಮಾಲಿಗೆ ಫೀಡಿನವರಿಗಿಂತ ಜಾಸ್ತಿ ಕೊಡುತ್ತಾರೆ.

ಗುಬ್ಬಿಗೇಟ್ ಸೊಸೆ

ಮಾವನವರಿಗೆ ಓದಿ ಹೇಳಿದೆ. 'ರಾ ನುಚ್ಚು ಬೇರೆ ಇಡೋದು ಏನ್ ಮಹಾ, ಒಂದು ಚೀಲ ಬದಲಿಸಿದರೆ ಆಯಿತು' ಅಂದರು. ಪಿಷ್ಟದವರು ಏನೇನು ಕೇಳುತ್ತಾರೆ ಅಂತ ಹೇಳಿದರೆ ಸ್ಯಾಂಪಲ್ ಕಳಿಸುತ್ತೇವೆ.

ಬಿಳಿ ಕೋಟು

ತೌಡು ಚೆನ್ನಾಗಿ ಹೋಗಿರಬೇಕು, ಪಾಲಿಷ್ ಕಡಿಮೆಯಾದರೆ ಎಣ್ಣೆ ಅಂಶ ಉಳಿಯುತ್ತದೆ. ಸಾರ್ಟೆಕ್ಸ್ (ಬಣ್ಣ ನೋಡಿ ಕಾಳು ಬೇರೆ ಮಾಡುವ ಯಂತ್ರ) ಮಾಡಿದ್ದರೆ ಒಳ್ಳೆಯದು, ಕರಿ ಕಾಳು, ಹಳದಿ ಕಾಳಿನ ಚೂರು ಇರಬಾರದು. ತೇವ ನೂರಕ್ಕೆ 13 ಮೀರದಿರಲಿ. ಹುಳು ಬಿದ್ದ ಹಳೇ ದಾಸ್ತಾನು ಬೇಡ. ಹುಳುವಿಗೆ ಮಾತ್ರೆ ಇಟ್ಟಿದ್ದರೆ ಅದನ್ನೂ ಹೇಳಿಬಿಡಿ, ಮುಚ್ಚಿಡಬೇಡಿ. ಯಾವ ತಳಿಯ ಭತ್ತ ಅಂತ ಚೀಲದ ಮೇಲೆ ಬರೆಯಿರಿ.

ಚಿಂತಾಮಣಿ ಹಾಸ್ಟೆಲ್

ಲಾಸ್ಟ್ ಪ್ರಶ್ನೆ. ನನ್ನ ಶಾಂಪೂ ಬಾಟಲಿನಲ್ಲಿ 'ಹೈಡ್ರೊಲೈಜ್ಡ್ ರೈಸ್ ಪ್ರೊಟೀನ್' ಅಂತ ಇದೆ. ಅದೂ ಪಿಷ್ಟನಾ?

ಬಿಳಿ ಕೋಟು

ಅಲ್ಲ. ಪಿಷ್ಟ ತೆಗೆಯುವಾಗ ಕ್ಷಾರದ ನೀರಿನಲ್ಲಿ ಕರಗಿ ಹೋಗುತ್ತದಲ್ಲ, ಅದೇ ಪ್ರೊಟೀನ್. ಅದನ್ನು ನೀರಿನಿಂದ ವಾಪಸ್ ಹಿಡಿದು, ಕಿಣ್ವ ಹಾಕಿ ತುಂಡು ತುಂಡು ಮಾಡಿ ಶಾಂಪೂ ಕಂಪನಿಗಳಿಗೆ ಬೇರೆ ರೇಟಿಗೆ ಮಾರುತ್ತಾರೆ.

ಅಂತರಗಂಗೆ (ಕೋಲಾರ)

ಹಾಗಾದರೆ ತೊಳೆದ ನೀರನ್ನೂ ಮಾರುತ್ತಾರೆ ಅನ್ನಿ. ಸರಿ, ಮಾಲಿನ್ಯದ ಬಗ್ಗೆ ನನ್ನ ಅರ್ಧ ತಕರಾರು ವಾಪಸ್. ನೀರಿನ ತಕರಾರು ಹಾಗೇ ಇರಲಿ.